ಒಂದೇ ಉಸಿರಿನ ಸಾಲು

ಬಿಸಿ ತುಪ್ಪದ ವಾಸನೆ ಬಂದರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ಮದುವೆ ಮನೆಗಳಲ್ಲಿ ತುಪ್ಪದ ತಂಬಿಗೆ ಹಿಡಿದವರು ನನ್ನ ಸಾಲಿಗೆ ಬರುವ ಮೊದಲೇ ಏನಾದರೊಂದು ನೆಪ ಹೂಡಿ ಏಳುತ್ತೇನೆ. ಇವನಿಗೆ ಏನೋ ರೋಗ ಇರಬೇಕು ಎಂದು ಜನ ತಿಳಿದಿದ್ದಾರೆ. ತಿಳಿಯಲಿ. ನಿಜವಾದ ಕಾರಣ ಹೇಳಿದರೆ ಅದಕ್ಕಿಂತ ಕೆಟ್ಟದಾಗಿ ಕೇಳಿಸುತ್ತದೆ. ನಾನು ಹಾಡು ಕಲಿತವನು. ಹಾಡಿಗಾಗಿ ಉಸಿರು ಕಟ್ಟುವುದನ್ನು ಕಲಿಯಹೊರಟವನು. ಆ ಉಸಿರಿನ ಮೇಲೆ ತಂಬಿಗೆಗಟ್ಟಲೆ ತುಪ್ಪ ಸುರಿದವರು ನಮ್ಮ ಕಡೆಯ ಭಕ್ತರು, ಅದೂ ಕೈಮುಗಿದು, ಅಕ್ಕರೆಯಿಂದ.

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಸಿಂದಗಿ ತಾಲೂಕಿನ ಕನ್ನೊಳ್ಳಿ ನಮ್ಮೂರು, ಕುರಿ ನಮ್ಮ ಮನೆತನದ ಕಸುಬು. ನನಗೆ ಕುರಿಗಳ ಮೇಲೆ ಸಿಟ್ಟೇನೂ ಇರಲಿಲ್ಲ, ಆದರೆ ಅವುಗಳ ಹಿಂದೆ ನಡೆಯುವಾಗಲೂ ಬಾಯಲ್ಲಿ ಪದವೇ ಇರುತ್ತಿತ್ತು. ಕೊನೆಗೆ ಅಪ್ಪನನ್ನು ಕಾಡಿ ಬೇಡಿ ಇಂಡಿ ಕಡೆಯ ಒಬ್ಬ ಗವಾಯಿಗಳ ಹತ್ತಿರ ಶಿಷ್ಯನಾಗಿ ಸೇರಿದೆ. ಶ್ರಾವಣದಲ್ಲಿ ನಮ್ಮ ಕಡೆ ಮಠಗಳಲ್ಲಿ ತಿಂಗಳುದ್ದಕ್ಕೂ ಪುರಾಣ ನಡೆಯುತ್ತದೆ. ಶಾಸ್ತ್ರಿಗಳು ಕಥೆ ಹೇಳಿ ದಣಿದಾಗಲೆಲ್ಲ ಪಕ್ಕದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತ ಪದ ಹಾಡುವವರೇ ಗವಾಯಿಗಳು.

ನಮ್ಮ ಗುರುಗಳ ಕೀರ್ತಿ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಎಂದು ನಾಲ್ಕೂ ತಾಲೂಕಿನಲ್ಲಿ ಹಬ್ಬಿದ್ದು ಅವರ ದಮ್ಮಿನಿಂದ. ಪುರಾಣ ಮುಗಿಯುವ ದಿನಕ್ಕೆ ಮಂಗಳ ಎನ್ನುತ್ತಾರೆ. ಅಂದು ಅವರು ಶಿವನನ್ನು ಕರೆಯುವ ಒಂದು ಪದ ಹಾಡುತ್ತಿದ್ದರು. ಅದರ ಕೊನೆಯ ಸಾಲು ಕೆಳಗಿನ ಸಾ ಹಿಡಿದು ಏಳುತ್ತಿತ್ತು, ನಿಧಾನವಾಗಿ ಮೇಲಿನ ಸಾ ಮುಟ್ಟಿ ಅಲ್ಲೇ ನಿಲ್ಲುತ್ತಿತ್ತು, ಆಮೇಲೆ ಅದೇ ದಾರಿಯಿಂದ ಇಳಿದು ಕೆಳಗೆ ಬಂದು ಕೂಡುತ್ತಿತ್ತು. ಅಷ್ಟೂ ಒಂದೇ ಉಸಿರಿನಲ್ಲಿ. ಅದನ್ನು ಕೇಳಲೆಂದೇ ಬಂಡಿ ಕಟ್ಟಿಕೊಂಡು ಬರುವವರಿದ್ದರು. ಮನುಷ್ಯರಿಂದ ಆಗುವ ಕೆಲಸ ಅಲ್ಲ ಇದು ಎಂದು ಹೇಳುತ್ತ ಬಂಡಿ ಹತ್ತಿ ಹೋಗುತ್ತಿದ್ದರು.

ಅಪ್ಪನೂ ಒಮ್ಮೆ ಅದನ್ನು ಕೇಳಿದ್ದ. ಹೀಗಾಗಿ ಎರಡನೆಯ ವರ್ಷದ ಶ್ರಾವಣಕ್ಕೆ ನಾನು ಗುರುಗಳ ಜೊತೆ ಹೊರಟಾಗ ಅವನು ಕಡ್ಡಿ ಮುರಿದಂತೆ ಹೇಳಿಬಿಟ್ಟ.

"ಈ ಸಲದ ಮಂಗಳಕ್ಕ ಆ ಸಾಲು ನಿಮ್ಮ ಗುರುಗೋಳಂಗ ಒಂದ ಉಸಿರಿನ್ಯಾಗ ಹಾಡಿದ್ರ ಹಾಡಕೋತನ ಇರು. ಇಲ್ಲಂದ್ರ ತಂಬೂರಿ ಅಲ್ಲೇ ಇಟ್ಟು ಬಂದು ಕುರಿ ಹಿಡಿ. ಕುರಿ ಬಿಟ್ಟು ನನಗ ಬರಾಕ ಆಗೂದಿಲ್ಲ, ನಿಮ್ಮವ್ವನ ಕಳಸ್ತೇನಿ. ಆಕಿ ಕೇಳಿ ಬಂದು ಹೌದು ಅಂದ್ರ ಹೌದು."

ಅವ್ವ ಸುಳ್ಳು ಹೇಳುವವಳಲ್ಲ ಎಂಬುದು ಅಪ್ಪನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಉಸಿರು ಕಟ್ಟುವ ಸಾಧನೆ ಎಂದರೆ ಏನೋ ಪವಿತ್ರವಾದದ್ದು, ಹೂವು ಊದುಬತ್ತಿಯ ನಡುವೆ ನಡೆಯುವಂಥದ್ದು ಎಂದು ಕೆಲವರು ತಿಳಿದಿರುತ್ತಾರೆ. ಅವರನ್ನೆಲ್ಲ ಹಿಡಿದು ನಾನು ಇಳಿದ ಬಾವಿಯಲ್ಲಿ ಒಮ್ಮೆ ಇಳಿಸಬೇಕು. ಕುತ್ತಿಗೆ ಮಟ್ಟದ ನೀರಿನಲ್ಲಿ ನಿಂತು ಕೆಳಗಿನ ಸಾ ಹಿಡಿದರೆ ನೀರು ಎದೆಯನ್ನು ಒತ್ತುತ್ತದೆ, ಆ ಒತ್ತಡದ ವಿರುದ್ಧ ಉಸಿರು ಬಿಡುತ್ತ ಬಿಡುತ್ತ ಎದೆ ಗಟ್ಟಿಯಾಗುತ್ತದೆ ಎಂಬುದು ಗುರುಗಳ ಪಾಠ. ಪಾಠ ಸರಿಯೇ ಇರಬಹುದು. ಆದರೆ ಪುರಾಣದ ಊರಿನ ಆ ಮೆಟ್ಟಿಲ ಬಾವಿಯ ನೀರು ಹಸಿರು ಗಂಜಿಯ ಹಾಗಿತ್ತು. ಬಾಯಿ ತೆರೆದರೆ ಪಾಚಿ ತುಟಿಗೆ ಹತ್ತುತ್ತಿತ್ತು. ಸತ್ತ ಕಪ್ಪೆಯೊಂದು ಹೊಟ್ಟೆ ಉಬ್ಬಿಸಿಕೊಂಡು ಗದ್ದದ ಹತ್ತಿರ ತೇಲಿ ಬಂದಾಗಲೂ ನಾನು ಸಾ ಬಿಡಬಾರದು. ಗುರುಗಳು ಮೇಲಿನ ಮೆಟ್ಟಿಲ ಮೇಲೆ ಕೂತು ತಂಬಾಕು ತಿಕ್ಕುತ್ತ, "ಹಿಡಿ, ಹಿಡಿ, ಬಿಡಬ್ಯಾಡ" ಎನ್ನುತ್ತಿದ್ದರು. ಅವರು ಒಮ್ಮೆಯೂ ನೀರಿಗೆ ಕಾಲಿಡಲಿಲ್ಲ.

ಬಾವಿಯಿಂದ ಬಂದ ಮೇಲೆ ಚಿಮಣಿ ದೀಪದ ಸರದಿ. ಹೊತ್ತಿಸಿದ ಚಿಮಣಿಯನ್ನು ಬಾಯಿಯ ಮುಂದೆ ಇಟ್ಟುಕೊಂಡು ಬರೀ 'ಆ' ಎಂದು ಆಕಾರ ಹಾಡಬೇಕು, ಉರಿ ಅಲುಗಬಾರದು. ಅಲುಗಿದರೆ ಉಸಿರು ಪೋಲಾಗುತ್ತಿದೆ ಎಂದರ್ಥ. ಉರಿ ಅಲುಗದೆ ಇದ್ದಾಗ ಸೀಮೆ ಎಣ್ಣೆಯ ಹೊಗೆ ನೆಟ್ಟಗೆ ನನ್ನ ಮೂಗಿಗೇ ಬರುತ್ತಿತ್ತು. ಆ ಇಡೀ ಶ್ರಾವಣ ನನ್ನ ಮೂಗಿನಿಂದ ಸುರಿದದ್ದು ಕಪ್ಪು ಸಿಂಬಳ. ಅದಾದ ಮೇಲೆ ನೆಲಕ್ಕೆ ಬೆನ್ನು ಹಚ್ಚಿ ಮಲಗಿ, ಖಾರ ಅರೆಯುವ ಗುಂಡುಕಲ್ಲನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು, ಉಸಿರೆಳೆದು ಅದನ್ನು ಎತ್ತಬೇಕು, ಇಳಿಸಬೇಕು. ತೊಳೆದರೂ ಕಲ್ಲಿಗೆ ಅಂಟಿದ ಬೆಳ್ಳುಳ್ಳಿ, ಮೆಣಸಿನಕಾಯಿಯ ಘಾಟು ಹೋಗುತ್ತಿರಲಿಲ್ಲ, ಹೊಟ್ಟೆಯ ಚರ್ಮ ಉರಿಯುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಗುರುಗಳ ಪೀಕದಾನಿ ಹೊರಗೆ ಚೆಲ್ಲಿ ತೊಳೆದು ತರುವ ಸೇವೆ. ಅವರ ಗಂಟಲಿನಿಂದ ರಾತ್ರಿಯಿಡೀ ಏನೇನು ಹೊರಬಿದ್ದಿತ್ತೋ ಅದೆಲ್ಲ ಅದರೊಳಗೆ ಇರುತ್ತಿತ್ತು. ನಾಲ್ಕು ತಾಲೂಕು ಹೊಗಳುವ ಕಂಠದ ಒಳಗಿನ ಸರಕು ಹೇಗಿರುತ್ತದೆ ಎಂದು ನೋಡಿದವನು ನಾನೊಬ್ಬನೇ.

ಆದರೂ ಮಾಡಿದೆ. ಹೇಸಿಗೆ ಪಟ್ಟುಕೊಂಡೇ ಮಾಡಿದೆ, ಏಕೆಂದರೆ ಆ ಸಾಲು ನನಗೆ ಬೇಕಾಗಿತ್ತು.

ಆ ವರ್ಷದ ಪುರಾಣ ಇದ್ದದ್ದು ಮುದ್ದೇಬಿಹಾಳದಿಂದ ಒಳಗಿನ ಒಂದು ಹಳ್ಳಿಯಲ್ಲಿ. ಅಲ್ಲಿಗೆ ಕಾಲಿಟ್ಟ ದಿನವೇ ಗುರುಗಳು ನನಗೆ ಕಟ್ಟಪ್ಪಣೆ ಮಾಡಿದರು. "ಉಸಿರು ಕೂಡೂದು ಹೊಟ್ಟ್ಯಾಗ. ಹೊಟ್ಟಿ ತುಂಬಿದ್ರ ಉಸಿರಿಗೆ ಜಾಗ ಎಲ್ಲೈತಿ? ಅರ್ಧಾ ಹೊಟ್ಟಿ ಉಣ್ಣು."

ಹೇಳುವುದು ಸುಲಭ. ಶ್ರಾವಣದಲ್ಲಿ ಶಾಸ್ತ್ರಿಗಳು, ಗವಾಯಿಗಳು, ಅವರ ಹಿಂದೆ ಬಂದವರು ಎಲ್ಲರನ್ನೂ ದಿನಕ್ಕೊಂದು ಮನೆಯವರು ಪ್ರಸಾದಕ್ಕೆ ಕರೆಯುತ್ತಾರೆ. ನಿನ್ನೆಯ ಮನೆಯವರಿಗಿಂತ ಇವತ್ತಿನ ಮನೆಯವರು ಒಂದು ಕೈ ಮೇಲಾಗಬೇಕು, ಇಲ್ಲದಿದ್ದರೆ ಮರ್ಯಾದೆ ಹೋಯಿತು. ಹೀಗೆ ತಿಂಗಳ ಆರಂಭಕ್ಕೆ ಹೋಳಿಗೆ ಎಂದು ಶುರುವಾದದ್ದು, ಹೋಳಿಗೆ ಮತ್ತು ಕಡುಬಾಗಿ, ಹೋಳಿಗೆ, ಕಡುಬು ಮತ್ತು ಗೋಧಿ ಹುಗ್ಗಿಯಾಗಿ ಬೆಳೆಯಿತು. ತುಪ್ಪ ಎಲ್ಲದರ ಮೇಲೆ. ಬೇಡ ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಕೈ ಮೇಲೇ ಸುರಿಯುತ್ತಿದ್ದರು. ಒಬ್ಬ ಅಜ್ಜಿಯಂತೂ ನನ್ನ ಮಣಿಕಟ್ಟು ಹಿಡಿದು ಪಕ್ಕಕ್ಕೆ ಸರಿಸಿ, ಬಿಸಿ ಹುಗ್ಗಿಯ ನಡುವೆ ಗುಳಿ ಮಾಡಿ ತುಪ್ಪ ತುಂಬಿಸಿದಳು.

"ಅಜ್ಜೀ, ಸಾಕ್ರಿ, ಸಂಜೀಕ ಹಾಡೂದೈತಿ" ಎಂದೆ.

"ಅದಕ್ಕ ಹಾಕಾಕತ್ತೇನಿ ತಮ್ಮಾ. ಹೊಟ್ಟ್ಯಾಗ ಏನೂ ಇಲ್ಲದ ದನಿ ಎಲ್ಲಿಂದ ಬರಬೇಕು? ಬರೇ ಗಾಳಿಲೆ ಹಾಡಾಕ ನೀ ಏನು ಕೊಳಲೇನು?"

ಇಂಥವರ ಜೊತೆ ಏನು ವಾದ ಮಾಡುವುದು? ಬಿಟ್ಟು ಏಳೋಣ ಎಂದರೆ ಪ್ರಸಾದ ಬಿಡುವುದು ಪಾಪ. ಕೊನೆಯ ಅಗುಳು ಮುಗಿದ ಮೇಲೂ ಬಿಡುಗಡೆ ಇಲ್ಲ, ತಾಟಿಗೆ ನೀರು ಹಾಕಿ ಬೆರಳಿನಿಂದ ತೊಳೆದು ಆ ನೀರನ್ನೂ ಕುಡಿಯಬೇಕು. ಅದು ನಮ್ಮ ಕಡೆಯ ಪದ್ಧತಿ, ಅನ್ನಕ್ಕೆ ಕೊಡುವ ಮರ್ಯಾದೆ, ನಾನು ಅದನ್ನು ಹಳಿಯುವುದಿಲ್ಲ. ಆದರೆ ತಣ್ಣೀರು ಬಿದ್ದ ಕೂಡಲೇ ತುಪ್ಪ ಬೆಳ್ಳಗೆ ಕೆನೆಗಟ್ಟಿ ಮೇಲೆ ತೇಲುತ್ತಿತ್ತು, ಅದರಲ್ಲಿ ಸಾರಿನ ಒಗ್ಗರಣೆ, ಬದನೆಕಾಯಿಯ ಬೀಜ, ನನ್ನದೇ ಬೆರಳಿನ ಜಿಡ್ಡು. ಮನೆಯವರೆಲ್ಲ ಕೈಮುಗಿದು ನಿಂತು ನೋಡುತ್ತಿರುವಾಗ ಅದನ್ನು ಗಟಗಟ ಕುಡಿದು, ವಾಕರಿಕೆಯನ್ನು ಹಲ್ಲು ಕಚ್ಚಿ ತಡೆದು, ನಗಬೇಕು. ಸಂಜೆ ತಂಬೂರಿ ಹಿಡಿದು ಕೂತರೆ ಉಸಿರು ಎದೆಯಿಂದ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಬೆಳಿಗ್ಗೆ ಬಾವಿಯಲ್ಲಿ ಗಳಿಸಿದ್ದನ್ನು ಮಧ್ಯಾಹ್ನ ತಾಟಿನಲ್ಲಿ ಕಳೆಯುತ್ತಿದ್ದೆ.

ಗುರುಗಳು ಮಾತ್ರ ಎಲ್ಲ ಮನೆಯಲ್ಲೂ ಎಲ್ಲವನ್ನೂ ಉಣ್ಣುತ್ತಿದ್ದರು. ಎರಡನೆಯ ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದರು. ಹೊಟ್ಟೆ ಪೇಟಿಗೆ ತಾಗುವಷ್ಟು ಮುಂದೆ ಬಂದಿತ್ತು. ಅದರ ಮೇಲೆ ಕಲ್ಲಿಡುವುದಿರಲಿ, ಅದೇ ಒಂದು ಕಲ್ಲಾಗಿತ್ತು. ಇವರು ಸಾಧನೆಯ ಆಚೆಗೆ ಹೋದವರು, ಇವರಿಗೆ ನಿಯಮ ಇಲ್ಲ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡಿದ್ದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ. ನನಗೆ ಹತ್ತಿರದ ಬೆಟ್ಟವೇ ನುಣ್ಣಗೆ ಕಾಣುತ್ತಿತ್ತು.

ಮಂಗಳದ ಹಿಂದಿನ ದಿನ ಗುರುಗಳು ಕರೆದು, "ನಾಳೆ ಆ ಪದಾ ನೀ ಹಾಡು. ಗುರುವಿನ ಮುಂದ ಶಿಷ್ಯಾ ಹಾಡಿದ್ರ ಮಂದಿಗೂ ಛಂದ ಅನಸತೈತಿ" ಎಂದರು. ಅಂದು ಸಂಜೆಯೇ ಪ್ರಸಾದದ ಮನೆಯವರ ಕಣ್ಣು ತಪ್ಪಿಸಿ, ಹೊಟ್ಟೆನೋವೆಂದು ಹೊದ್ದುಕೊಂಡು ಮಲಗಿ, ಏನೂ ಉಣ್ಣದೆ ಕಳೆದೆ. ಬೆಳಿಗ್ಗೆ ಎದ್ದಾಗ ಹೊಟ್ಟೆ ಹಗುರವಾಗಿತ್ತು. ಬಾವಿಗೆ ಹೋಗಿ ನಿಂತರೆ ಸಾ ಎಷ್ಟು ಹೊತ್ತು ನಿಂತಿತೆಂದರೆ, ಆ ಹಸಿರು ನೀರೂ ನನಗೆ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ. ಸಾಲು ಇವತ್ತು ನನ್ನದು ಎಂದುಕೊಂಡು ಮೆಟ್ಟಿಲು ಹತ್ತಿ ಬಂದೆ.

ಮಠದ ಕಟ್ಟೆಯ ಮೇಲೆ ಅವ್ವ ಕೂತಿದ್ದಳು. ಬಸ್ಸಿನಲ್ಲಿ ಸಿಂದಗಿಯಿಂದ ಬಾಗೇವಾಡಿ, ಬಾಗೇವಾಡಿಯಿಂದ ಮುದ್ದೇಬಿಹಾಳ, ಅಲ್ಲಿಂದ ಯಾರದೋ ಬಂಡಿಯಲ್ಲಿ ಬಂದಿದ್ದಳು. ತೊಡೆಯ ಮೇಲೆ ಒಂದು ಗಂಟು. ಬಿಚ್ಚಿದರೆ ಮಾದಲಿ, ಪಕ್ಕದಲ್ಲಿ ಸಣ್ಣ ಡಬ್ಬಿಯಲ್ಲಿ ತುಪ್ಪ. ಮಾದಲಿ ಎಂದರೆ ಗೋಧಿ, ಬೆಲ್ಲ, ಗಸಗಸೆಯ ಪುಡಿಪುಡಿಯಾದ ಸಿಹಿ. ತುಪ್ಪ ಕಲಸದಿದ್ದರೆ ಗಂಟಲಲ್ಲಿ ಹಿಟ್ಟಿನ ಹಾಗೆ ಕೂಡುತ್ತದೆ, ಕಲಸಿದರೆ ಹೊಟ್ಟೆಯಲ್ಲಿ ಕಲ್ಲಿನ ಹಾಗೆ ಕೂಡುತ್ತದೆ. ಹಾಡುವವನಿಗೆ ಇದಕ್ಕಿಂತ ದೊಡ್ಡ ವೈರಿಯನ್ನು ಯಾವ ದೇವರೂ ಹುಟ್ಟಿಸಿಲ್ಲ.

"ಯವ್ವಾ, ಹಾಡಿ ಬಂದು ತಿಂತೇನಿ."

"ನೀ ಎಷ್ಟು ಸೊರಗಿ ನೋಡು, ಗಲ್ಲ ಒಳಗ ಹೋಗ್ಯಾವ. ಇವ್ರು ನಿನಗ ಉಣ್ಣಾಕ ಹಾಕ್ತಾರೋ ಇಲ್ಲೋ?"

ತಿಂಗಳಿಡೀ ತುಪ್ಪದಲ್ಲಿ ಮುಳುಗಿದ್ದವನಿಗೆ ಕೇಳುವ ಪ್ರಶ್ನೆಯೇ ಅದು! ನಗು ಬಂತು, ಸಿಟ್ಟೂ ಬಂತು. ಅಷ್ಟರಲ್ಲಿ ಅವಳು ಕಲಸಿ ತುತ್ತು ಮಾಡಿ ಬಾಯಿಗೇ ಹಿಡಿದಿದ್ದಳು. ಬೇಡ ಎಂದು ಮುಖ ತಿರುಗಿಸಿದೆ. ಅವಳ ಕೈ ಹಾಗೇ ನಿಂತಿತು, ಕಣ್ಣು ತುಂಬಿದವು. ಎರಡು ಬಸ್ಸು ಬದಲಿಸಿ, ಒಂದು ಬಂಡಿ ಹತ್ತಿ, ಗಂಟನ್ನು ನೆಲಕ್ಕೂ ಇಡದೆ ತಂದವಳು. ಬಾಯಿ ತೆರೆದೆ. ಒಂದಕ್ಕೆ ಬಿಡುವವಳಲ್ಲ ಅವಳು. ಡಬ್ಬಿಯ ತಳ ಕಾಣುವ ತನಕ ತಿನ್ನಿಸಿದಳು, ಪ್ರತಿ ತುತ್ತಿಗೂ ನನ್ನ ಹೊಟ್ಟೆಯೊಳಗಿನ ಜಾಗ ಕಡಿಮೆಯಾಗುತ್ತಿದ್ದುದು ನನಗೆ ಗೊತ್ತಾಗುತ್ತಿತ್ತು.

ಮಧ್ಯಾಹ್ನಕ್ಕೆ ಮಠದ ಅಂಗಳ ತುಂಬಿತು. ಹಿಂದಿನಿಂದ ತಂಬೂರಿ ಹಿಡಿಯುತ್ತಿದ್ದ ನನ್ನನ್ನು ಮೊದಲ ಸಲ ಮೈಕಿನ ಮುಂದೆ ಕೂಡಿಸಿದರು. ಬಲಕ್ಕೆ ಪೇಟಿ ಹಿಡಿದ ಗುರುಗಳು, ಎಡಕ್ಕೆ ತಬಲಾದವರು. ಅವರು ಗುರುಗಳ ಜೊತೆಗೇ ಮುದುಕರಾದವರು, ಮಾತು ಕಡಿಮೆ, ಭಕ್ತಿ ಹೆಚ್ಚು ಎಂದು ನಾನು ತಿಳಿದಿದ್ದೆ. ಅವ್ವ ಹೆಂಗಸರ ನಡುವೆ, ಕಂಬಕ್ಕೆ ಆತು ಕೂತು, ತಲೆಯ ಸೆರಗನ್ನು ಕಿವಿಯ ಹಿಂದೆ ಸರಿಸಿಕೊಂಡು ತಯಾರಾಗಿದ್ದಳು.

ಪದದ ಮೊದಲ ಸಾಲುಗಳು ಹೇಗೋ ದಾಟಿದವು. ನಡುವೆ ಒಂದು ತೇಗು ಮೈಕಿನೊಳಗೆ ಹೋಗಿ ಊರಿಗೆಲ್ಲ ಕೇಳಿಸಿತು. ಜನ ತೃಪ್ತಿಯಿಂದ ತಲೆ ಆಡಿಸಿದರು. ಅವರ ಪಾಲಿಗೆ ಅದೂ ಒಂದು ಸ್ವರವೇ. ಕೊನೆಯ ಸಾಲು ಬಂತು. ಕೆಳಗಿನ ಸಾ ಹಿಡಿದು ಎದ್ದೆ. ಅರ್ಧ ಏರುವಷ್ಟರಲ್ಲಿ ಗೊತ್ತಾಯಿತು, ಆಗುವುದಿಲ್ಲ. ಮಾದಲಿ ಒಳಗಿನಿಂದ ಬಾಗಿಲು ಹಾಕಿತ್ತು. ಮೇಲಿನ ಸಾ ಮುಟ್ಟಿದಾಗ ಎದೆಯಲ್ಲಿ ಏನೂ ಉಳಿದಿರಲಿಲ್ಲ, ಕಣ್ಣಿಗೆ ಕತ್ತಲೆ ಬರುತ್ತಿತ್ತು. ಮುಗಿಯಿತು, ಕುರಿ ಕಾಯುವುದೇ ನನ್ನ ಹಣೆಬರಹ ಎಂದುಕೊಂಡೆ.

ಆ ಕ್ಷಣಕ್ಕೆ ಸರಿಯಾಗಿ ತಬಲಾದವರು ಎಡಗೈ ಎತ್ತಿ, "ನಮಃ ಪಾರ್ವತೀ ಪತಯೇ!" ಎಂದು ಕೂಗಿದರು. ಇಡೀ ಅಂಗಳ ಎದ್ದು ನಿಂತು "ಹರ ಹರ ಮಹಾದೇವ!" ಎಂದು ಗರ್ಜಿಸಿತು. ಆ ಗದ್ದಲದೊಳಗೆ ನಾನು, ಬೇಕೆಂದಲ್ಲ, ಮುಳುಗುವವನು ಬಾಯಿ ತೆರೆಯುವ ಹಾಗೆ, ಬಾಯಿ ತೆರೆದು ಹೊಟ್ಟೆ ತುಂಬ ಉಸಿರು ಎಳೆದುಕೊಂಡೆ. ಗುರುಗಳ ಪೇಟಿ ಅಷ್ಟು ಹೊತ್ತೂ ಮೇಲಿನ ಸಾ ಹಿಡಿದೇ ಇತ್ತು. ಕೂಗು ಇಳಿದಾಗ ನನ್ನ ದನಿ ಅದರೊಳಗಿನಿಂದ ಮತ್ತೆ ಎದ್ದು ಬಂದು, ಇಳಿದು, ಕೆಳಗಿನ ಸಾ ಮೇಲೆ ಕೂತಿತು. ಜನ ಮತ್ತೊಮ್ಮೆ ಗರ್ಜಿಸಿದರು. "ಗುರುವಿನ ದಮ್ಮು ಶಿಷ್ಯಗ ಬಂತು ನೋಡ್ರಿ!" ಎಂದು ಮುಂದಿನ ಸಾಲಿನ ಹಿರಿಯರೊಬ್ಬರು ಕಣ್ಣೊರೆಸಿಕೊಂಡರು.

ನಾನು ಗುರುಗಳ ಕಡೆ ನೋಡಿದೆ. ಅವರು ನಕ್ಕರು. ಹೆಮ್ಮೆಯ ನಗುವಲ್ಲ, ಕಳ್ಳ ಇನ್ನೊಬ್ಬ ಕಳ್ಳನನ್ನು ಗುರುತಿಸುವ ನಗು. ಆಗ ನನಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಪ್ರತಿ ಮಂಗಳದಲ್ಲೂ ತಬಲಾದವರು ಕೂಗಿದ್ದು ಅದೇ ಜಾಗಕ್ಕೆ. ಹಿಂದೆ ಕೂತ ನಾನು ಕಣ್ಣು ಮುಚ್ಚಿ ಎಲ್ಲರಿಗಿಂತ ಜೋರಾಗಿ "ಹರ ಹರ ಮಹಾದೇವ" ಎನ್ನುತ್ತಿದ್ದೆ, ಇನ್ನು ಗುರುಗಳು ಉಸಿರು ಎಳೆದದ್ದು ಕೇಳಿಸುವುದು ಎಲ್ಲಿಂದ?

ಮಂಗಳ ಮುಗಿಸಿ ಒಳಗೆ ಬಂದ ಮೇಲೆ ಕೇಳಿಯೇಬಿಟ್ಟೆ. "ಗುರುಗಳ, ನಿಮ್ಮದೂ ಹಿಂಗ ಏನ್ರಿ?"

ಅವರು ಎಲೆಗೆ ಸುಣ್ಣ ಹಚ್ಚುತ್ತ, "ಉಸಿರು ಎಲ್ಲಿ ತಗೋಬೇಕು ಅನ್ನೂದನ್ನ ಬಾಯಿಲೆ ಹೇಳಿ ಕಲಸಾಕ ಬರಂಗಿಲ್ಲೋ. ತಾನ ಬರಬೇಕು. ನಿನಗ ಬಂತು" ಎಂದರು.

"ಮತ್ತ ಆ ಬಾವಿ? ಕಲ್ಲು? ಚಿಮಣಿ?"

ತಬಲಾಗೆ ಬಟ್ಟೆ ಸುತ್ತುತ್ತಿದ್ದ ತಬಲಾದವರು ತಲೆ ಎತ್ತದೆಯೇ ಅಂದರು. "ಎಲ್ಲಾರ ಮನಿ ದ್ವಾಸಿನೂ ತೂತ ತಮ್ಮಾ. ಸುಮ್ನ ಉಣ್ಣು ನಡಿ, ಎಲಿ ಹಾಕ್ಯಾರ."

ಹೊರಗೆ ಹೋಗಿ ಗೋಡೆಯ ಮರೆಯಲ್ಲಿ ಕೂತು ವಾಂತಿ ಮಾಡಿದೆ. ಮಾದಲಿ, ತುಪ್ಪ, ಬಾವಿಯ ನೀರು, ಗುರುಭಕ್ತಿ ಎಲ್ಲವೂ ಹೊರಬಂದವು. ಮೋಸ ಅಷ್ಟೇ ಆಗಿದ್ದರೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲವೇನೋ. ದೇವರ ಹೆಸರನ್ನು ಕೂಗಿಸಿ ಅದರ ಅಡಿಯಲ್ಲಿ ಬಚ್ಚಿಟ್ಟುಕೊಂಡು ಉಸಿರಾಡುವುದು, ಆ ಉಸಿರನ್ನು ಸತ್ತ ಕಪ್ಪೆಗಳ ನಡುವೆ ಒಬ್ಬ ಹುಚ್ಚ ಹುಡುಕುತ್ತಿರುವಾಗ ಮೆಟ್ಟಿಲ ಮೇಲೆ ಕೂತು ತಂಬಾಕು ತಿಕ್ಕುವುದು, ಅದು ನನಗೆ ಅರಗಲಿಲ್ಲ.

ಮರುದಿನ ಬೆಳಿಗ್ಗೆ ಅವ್ವನನ್ನು ಬಸ್ಸಿಗೆ ಕೂಡಿಸಲು ಮುದ್ದೇಬಿಹಾಳಕ್ಕೆ ಹೋದೆ. ಊರಿನವರೆಲ್ಲ ಅವಳಿಗೆ, ನೀ ಪುಣ್ಯವಂತಿ, ಎಂಥಾ ಮಗನ್ನ ಹಡದಿ ಎಂದು ಕೈಮುಗಿದು ಕಳಿಸಿದ್ದರು. ಆದರೂ ಬಸ್ ನಿಲ್ದಾಣದ ಕಲ್ಲಿನ ಮೇಲೆ ಅವಳು ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು.

"ಯಾಕ ಯವ್ವಾ?"

"ನಿಮ್ಮಪ್ಪಗ ಏನ ಹೇಳಲೋ? ಆ ಸಾಲು ನನಗ ಪೂರ್ತಿ ಕೇಳಸಲೇ ಇಲ್ಲ. ಛಲೋ ಮ್ಯಾಲ ಹೊಂಟಿದ್ದಿ, ಅಷ್ಟರಾಗ ಆ ಮಂದಿ ಹೋ ಅಂತ ಒದರಿಬಿಟ್ರು. ಒಂದ ಉಸಿರಿನ್ಯಾಗ ಹಾಡಿದಿ ಅಂತ ಎಲ್ಲಾರೂ ಅಂದ್ರು, ಖರೆ. ನಾ ಕೇಳಲಾರದ ಹೌದು ಅಂತ ಹೆಂಗ ಹೇಳಲಿ?"

ನಾಲ್ಕು ತಾಲೂಕಿನ ಜನ ವರ್ಷಾನುಗಟ್ಟಲೆ ಕೇಳಿಯೂ ಕೇಳಿಸಿಕೊಳ್ಳದ್ದನ್ನು ಅವ್ವ ಒಂದೇ ದಿನದಲ್ಲಿ ದೂರು ಹೇಳುತ್ತಿದ್ದಳು.

"ಇಲ್ಲೇ ಒಮ್ಮೆ ಹಾಡು. ಸಣ್ಣಗ ಹಾಡು, ನಾ ಒಬ್ಬಾಕಿನ ಕೇಳತೇನಿ."

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಪಕ್ಕದಲ್ಲಿ ಶೇಂಗಾ ಮಾರುವವಳು, ಚಹಾದ ಅಂಗಡಿಯವನು ಇದ್ದರು, ಯಾರೂ ನಮ್ಮ ಕಡೆ ನೋಡುತ್ತಿರಲಿಲ್ಲ. ಕೆಳಗಿನ ಸಾ ಹಿಡಿದೆ. ಹೊಟ್ಟೆ ಖಾಲಿ ಇತ್ತು, ಪೂರ್ತಿ ಖಾಲಿ, ಮೈಯಲ್ಲಿದ್ದ ಅಷ್ಟೂ ಉಸಿರು ಹಾಕಿದೆ. ಮೇಲಿನ ಸಾ ಮುಟ್ಟಿದೆ, ನಿಂತೆ, ಇಳಿಯತೊಡಗಿದೆ, ಆಗಲೂ ಸಾಲದಾಯಿತು. ಆ ಸಾಲು ಮನುಷ್ಯರ ಉಸಿರಿಗಿಂತ ಉದ್ದವೇ ಇತ್ತು. ಕುತ್ತಿಗೆಯ ನರ ಉಬ್ಬಿದವು, ದನಿ ದಾರದಷ್ಟು ತೆಳ್ಳಗಾಯಿತು, ಬಿಡಲಿಲ್ಲ.

ಅವ್ವ ಗಾಬರಿಯಾಗಿ ನನ್ನ ರಟ್ಟೆ ಹಿಡಿದು ಅಲುಗಾಡಿಸಿದಳು. "ಏ, ಉಸಿರು ತಗೋ! ಮೊದಲ ಉಸಿರು ತಗೋಳೋ!"

ತೆಗೆದುಕೊಂಡೆ. ಶೇಂಗಾ ಮಾರುವವಳು ತಿರುಗಿ ನೋಡುವಷ್ಟು ಸಪ್ಪಳ ಮಾಡಿ ತೆಗೆದುಕೊಂಡೆ. ಆಮೇಲೆ ಉಳಿದ ಸಾಲನ್ನು ಹಾಡಿ ಕೆಳಗೆ ತಂದು ಇಟ್ಟೆ.

"ಇಷ್ಟು ದಿನಾ ಇದನ್ನ ಕಲಿಸಿದ್ರೇನು ನಿನಗ, ಉಸಿರು ತಗೋಬಾರದು ಅಂತ?" ಎಂದಳು ಅವ್ವ, ನನ್ನ ಎದೆ ನೀವುತ್ತ. ಅವಳ ಮುಖದಲ್ಲಿದ್ದದ್ದು ಶುದ್ಧ ಅಸಹ್ಯ. "ಸುಟ್ಟ ಬರ್ಲಿ ಅವರ ಹಾಡು."

ಬಸ್ಸು ಬಂತು. ಕಿಟಕಿಯ ಹತ್ತಿರ ಜಾಗ ಸಿಕ್ಕಿತು ಅವಳಿಗೆ. ಅಪ್ಪನಿಗೆ ಏನು ಹೇಳುತ್ತೀ ಎಂದು ಕೇಳುವ ಧೈರ್ಯ ನನಗಿರಲಿಲ್ಲ, ಅವಳೇ ಹೇಳಿದಳು.

"ಹಾಡತಾನ, ನಡುವ ಒಮ್ಮೆ ಉಸಿರು ತಗೋತಾನ ಅಂತ ಹೇಳತೇನಿ. ಅದು ನಡಿಯಂಗಿಲ್ಲ ಅಂದ್ರ, ಅಂವನ ಒಮ್ಮೆ ಉಸಿರು ಹಿಡದು ಹಾಡಿ ತೋರಸಲಿ."

ಅಪ್ಪ ಹಾಡಿ ತೋರಿಸಲಿಲ್ಲ, ನನ್ನನ್ನು ಕುರಿಗೆ ಕರೆಯಲೂ ಇಲ್ಲ. ಆ ಗುರುಗಳನ್ನು ಬಿಟ್ಟು ನನ್ನ ಪಾಡಿಗೆ ಹಾಡಿಕೊಂಡು ಬದುಕಿದೆ. ಆ ಸಾಲನ್ನು ಎಲ್ಲಿ ಹಾಡಿದರೂ, ಯಾರೋ ಕೂಗುವ 'ಹರ ಹರ' ಕಾಯದೆ, ಮೇಲಿನ ಸಾ ಮುಟ್ಟಿ ಇಳಿಯುವ ಮೊದಲು ಎಲ್ಲರಿಗೂ ಕೇಳುವ ಹಾಗೆ ಉಸಿರು ತೆಗೆದುಕೊಳ್ಳುತ್ತೇನೆ. ಅದಕ್ಕೇ ಮಂಗಳಕ್ಕೆ ನನ್ನನ್ನು ಕರೆಯುವ ಊರುಗಳು ಒಂದೊಂದಾಗಿ ಕಡಿಮೆಯಾದವು. "ಗುರುವಿನ ದಮ್ಮು ಇವಗ ಬರಲಿಲ್ಲ ಬಿಡ್ರಿ" ಎಂದು ನನ್ನ ಕಿವಿಗೆ ಬೀಳುವ ಹಾಗೆಯೇ ಅಂದವರಿದ್ದಾರೆ. ಹೌದ್ರಿ, ಬರಲಿಲ್ಲ ಎಂದು ನಾನೂ ಅನ್ನುತ್ತೇನೆ.